ಸುತ್ತ ನೀರಿರೋ ಊರು

ಕೊಚ್ಚಿಯಲ್ಲಿ ಹಡಗು ಹತ್ತಿದರೆ ಮರುದಿನ ದ್ವೀಪ ಎಂದು ನನ್ನ ಗಂಡ ಮೌನಪ್ಪ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಬಡಿತ ಮಾತ್ರ ಜೋರಾಯಿತು.

"ಕೇಳಾಕತ್ತೀಯೋ ಇಲ್ಲೋ? ಈ ತುದಿಗೆ ನಿಂತ್ರ ಆ ತುದಿ ಕಾಣ್ತದಂತ. ಸುತ್ತ ಬರೇ ನೀರು! ತೆಂಗಿನ ಗಿಡ! ಬಸ್ಸಿಲ್ಲ, ಗದ್ದಲಿಲ್ಲ. ನಮ್ಮ ಆಫೀಸಿನ ಗುರುರಾಜ ಹೋಗಿ ಬಂದಾನ. ನಮ್ಮಂಥ ನೌಕರರಿಗೆ ಟಿಕೀಟಿನ ಖರ್ಚೆಲ್ಲ ಸರ್ಕಾರದ್ದು!"

"ಸುತ್ತ ನೀರಿರೋ ಊರು ನೋಡಬೇಕಾ ನಿಮಗ?"

"ಹೂಂ ಮತ್ತ!"

"ನಾ ಹುಟ್ಟಿದ ಊರು ಯಾವುದ್ರೀ?"

ಅವರು ತಂಬಿಗೆ ಹಿಡಿದು ನೀರು ಕುಡಿಯಲು ಹೋದರು.

ನಾನು ಹುಟ್ಟಿದ್ದು ದೇವದುರ್ಗದ ಕಡೆ, ಕೃಷ್ಣಾ ನದಿಯ ನಡುಗಡ್ಡೆಯಲ್ಲಿ. ಬುಟ್ಟಿಯಂಥ ದುಂಡನೆಯ ತೆಪ್ಪ ಬಿಟ್ಟರೆ ದಾರಿಯಿಲ್ಲ, ನದಿ ತುಂಬಿದರೆ ತೆಪ್ಪವೂ ಇಲ್ಲ. ಹಾಸ್ಟೆಲಿನಲ್ಲಿದ್ದು ಓದಿ ರಾಯಚೂರಿಗೆ ಬಂದು ಟೀಚರಾದೆ. ಬೀಗರು ತೆಪ್ಪ ಹತ್ತುವುದಿಲ್ಲ ಅಂದಿದ್ದಕ್ಕೆ ಮದುವೆಯೂ ದೇವದುರ್ಗದಲ್ಲೇ ಆಯಿತು. ಮೂರು ವರ್ಷವಾದರೂ ಈ ಅಳಿಯ ಅತ್ತೆಮನೆಯ ಹೊಸ್ತಿಲು ತುಳಿದಿಲ್ಲ. ಪ್ರತಿ ಹಬ್ಬಕ್ಕೂ ತಲೆನೋವು, ಇಲ್ಲವೆ ಆಡಿಟ್ಟು, ಕೊನೆಗೆ "ನನಗ ನೀರಂದ್ರ ಆಗಂಗಿಲ್ಲ". ಅವ್ವ ಪಾರ್ವತೆಮ್ಮ ಪ್ರತಿ ಸಲವೂ ಎರಡು ತಾಟು ತೊಳೆದಿಟ್ಟು ಒಂದನ್ನು ವಾಪಸ್ ಗೂಡಿಗಿಡುತ್ತಾಳೆ. ಈಗ ಈ ಮನುಷ್ಯ ಇಡೀ ರಾತ್ರಿ ಸಮುದ್ರದ ಮೇಲೆ ಹೋಗುತ್ತಾನಂತೆ!

"ಹಡಗಂದ್ರ ತೆಪ್ಪಲ್ಲ, ಮಾನಾ. ಕಬ್ಬಿಣದ್ದು."

"ಕಬ್ಬಿಣ ಇರಲಿ, ಬಂಗಾರ ಇರಲಿ. ನಮ್ಮವ್ವನ ಮನ್ಯಾಗ ಕುಂತು ಉಣ್ಣೋತನಕ ನಾ ನಿಮ್ಮ ಹಡಗು ಹತ್ತಂಗಿಲ್ಲ. ಗುರುರಾಜನ್ನ ಕರ್ಕೊಂಡು ಹೋಗ್ರಿ."

ಹಡಗಿನ ಆಸೆಗೆ ಅವರು ಭಾನುವಾರ ನನ್ನ ಜೊತೆ ಹೊರಟರು. ನದಿ ದಂಡೆಯಲ್ಲಿ ತೆಪ್ಪ ನಡೆಸುವ ಶಾಮೀದಸಾಬ ಅವರನ್ನು ಮೇಲಿಂದ ಕೆಳಗೆ ನೋಡಿದ. "ಇವ್ರೇನು ಅಳಿಯಸಾಹೇಬ್ರು? ನಾ ತಿಳಕೊಂಡಿದ್ದೆ ಮಾನಮ್ಮ ಸುಳ್ಳೇ ಗಂಡ ಅದಾನ ಅಂತ ಹೇಳ್ತಾಳಂತ!"

ಅವರು ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನದಿ ದಾಟಿದರು. ನೆಲ ಸಿಕ್ಕಿದ್ದೇ ತಡ, ಹುರುಪು ಬಂತು. "ಎಷ್ಟು ಶಾಂತ ಅದ ಇಲ್ಲಿ!"

"ಬಸ್ಸು ಬರಂಗಿಲ್ಲಲ್ರೀ, ಅದಕ್ಕ," ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವ್ವ ಮೀನಿನ ಸಾರು, ಬಿಸಿ ರೊಟ್ಟಿ ಬಡಿಸಿದಳು. ಅಳಿಯ ಉಣ್ಣುತ್ತಲೇ ದ್ವೀಪದ ಸುದ್ದಿ ಬಿಚ್ಚಿದರು: ಹಡಗು, ಬಿಳಿ ಉಸುಕು, ಬಣ್ಣದ ಮೀನು. ಅವ್ವ ಪೂರಾ ಕೇಳಿಸಿಕೊಂಡಳು.

"ಅಷ್ಟು ದೂರ ನೀರಾಗ ಇರೋ ಮಂದಿಗೆ ಜಡ್ಡಾದ್ರ ಹೆಂಗರೀ?"

"ದವಾಖಾನಿ ಅದ, ಅತ್ತಿ. ಡಾಕ್ಟ್ರು ಅಲ್ಲೇ ಇರ್ತಾರಂತ."

"ಕರೆಂಟು?"

"ಅದ."

"ಸಾಲಿ?"

"ಹೈಸ್ಕೂಲು ಸೈತ ಅದ! ಸರ್ಕಾರ ಎಲ್ಲಾ ಮಾಡ್ಯದ," ಎಂದು ಅವರು ತಾವೇ ಕಟ್ಟಿಸಿದಷ್ಟು ಖುಷಿಯಿಂದ ಹೇಳಿದರು.

ಅವ್ವ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ನಮ್ಮ ಗದ್ದೆಪ್ಪನ ಸೊಸಿಗೆ ಹೋದ ಮಳಿಗಾಲದಾಗ ಹೆರಿಗಿ ಬ್ಯಾನಿ ಬಂತು. ನದಿ ತುಂಬಿತ್ತು. ಅಲ್ಲೇ ದಂಡಿ ಮ್ಯಾಲೆ ನೀರು ಇಳೀಲಿ ಅಂತ ಕಾಯ್ಕೊಂತ ಕುಂತ್ವಿ. ತಾಯೀನೂ ಹೋದ್ಲು, ಕೂಸೂ ಹೋತು. ಆ ಕಡೆ ದಂಡಿ ಇಲ್ಲಿಂದ ಕಾಣ್ತದ, ಕರದ್ರ ಕೇಳಸ್ತದ. ಸಮುದ್ರ ದಾಟಿ ಹೋಗಿ ದವಾಖಾನಿ ಕಟ್ಟೋ ಸರ್ಕಾರಕ್ಕ ಈ ಹೊಳಿ ದಾಟಾಕ ಆಗಂಗಿಲ್ಲೇನ್ರೀ? ಎರಡು ಸರ್ಕಾರ ಅವೇನು?"

ಅವರ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಆ ಹುಡುಗಿ ಇದೇ ಊರಲ್ಲಿ ಹುಟ್ಟಿ ನನ್ನ ಜೊತೆ ಕುಂಟಾಟ ಆಡಿದವಳು.

"ಉಣ್ರಿ, ಸಾರು ಆರ್ತದ," ಎಂದಳು ಅವ್ವ. "ನಿಮಗ ಬೈದಿಲ್ಲ. ನೀವು ಹೋಗಿ ಬರ್ರಿ. ಅಲ್ಲಿ ಮಂದಿ ಯಾರ ಮುಂದ ಕೂಗಿ ಇದೆಲ್ಲ ಮಾಡಿಸ್ಕೊಂಡ್ರು, ಅಷ್ಟು ಕೇಳಿಕೊಂಡು ಬರ್ರಿ."

ಹೊರಡುವಾಗ ಅವರು ತೆಪ್ಪದ ಅಂಚು ಹಿಡಿಯುವುದನ್ನೇ ಮರೆತಿದ್ದರು. ನಡುನೀರಿಗೆ ಬಂದಾಗ ಅವರ ಮಾತು ಶುರುವಾಯಿತು.

"ದವಾಖಾನಿ ಬ್ಯಾಡ, ಒಂದು ಸೇತುವಿ? ಒಬ್ಬ ನರ್ಸು? ಯಾರೂ ಕೇಳಿಲ್ಲೇನು ಇಷ್ಟು ವರ್ಷ?"

"ಕೇಳ್ಯಾರ," ಎಂದ ಶಾಮೀದಸಾಬ. "ಎಲೆಕ್ಷನ್ ಬಂದಾಗೊಮ್ಮೆ ಲೀಡರು ಇದೇ ತೆಪ್ಪದಾಗ ಬಂದು ಹೂಂ ಅಂದು ಹೋಗ್ಯಾರ."

"ಹೂಂ ಅಂದು ಹೋಗ್ಯಾರಾ! ಮನಷ್ಯಾರೇನು ಅವ್ರು? ಬಸುರಿ ಹೆಣ್ಮಗಳು ದಂಡಿ ಮ್ಯಾಲೆ..." ಅವರು ದಡಕ್ಕನೆ ಎದ್ದು ನಿಂತು, ಜಿಲ್ಲಾ ಕಚೇರಿಯಿರುವ ರಾಯಚೂರಿನ ದಿಕ್ಕಿಗೆ ಕೈ ಬೀಸಿ ಕೂಗತೊಡಗಿದರು. ತೆಪ್ಪ ಗರಗರ ತಿರುಗಿತು.

"ಏ ಸಾಹೇಬ್ರ, ಕುಂದರ್ರಿ! ನಾಳಿ ಆಫೀಸಿಗೆ ಹೋಗಿ ಕೂಗ್ರಿ, ಇಲ್ಲಿ ಮೀನು ಬಿಟ್ರ ಯಾರೂ ಇಲ್ಲ!"

ನಾನು ಅವರ ಅಂಗಿ ಹಿಡಿದು ಎಳೆದೆ. ಅವರು ಕೂರಲಿಲ್ಲ.