ಹಗಲು ಪಾಳಿಯ ನಂದಿತಾ

ಹನ್ನೊಂದು ಮಂದಿ ಹೆಣ್ಣುಮಕ್ಕಳು ಕೈ ಕೆಲಸ ಬಿಡದೆ, ಕತ್ತು ಮಾತ್ರ ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದಾಗ ಹೌಸಾಬಾಯಿ ಒಳಗೆ ಬಂದಳು. ಉಳಿದ ದಿನ ಪಾಳಿಯ ಸೈರನ್ನು, ಅಲ್ಲಿಯವರ ಮಾತಿನಲ್ಲಿ ಬೋಂಗಾ, ಕೂಗುವ ಮೊದಲೇ ಬಂದು ಕೂಡುವವಳು ಸೋಮವಾರ ಮಾತ್ರ ಐದು ನಿಮಿಷ ತಡ. ಯಾಕೆಂದು ಮಾಲಕ ಬಾಳಾಸಾಹೇಬರಿಗೂ ಗೊತ್ತಿತ್ತು, ಕೇಳಿರಲಿಲ್ಲ. ತನಗಾಗಿ ಕಾದಿರುವವರ ನಡುವೆ ನಡೆದುಬರುವುದರಲ್ಲಿ ಒಂದು ಸುಖವಿದೆ. ಅದನ್ನು ಮಂತ್ರಿಗಳು ಬಲ್ಲರು, ಮದುಮಕ್ಕಳು ಬಲ್ಲರು, ಹೌಸಾಬಾಯಿ ಬಲ್ಲಳು.

ಅವಳು ತನ್ನ ಮಣೆಯ ಮೇಲೆ ಕೂತು, ತಲೆಗೆ ಅರಿವೆ ಕಟ್ಟಿ, ಮಗ್ಗದ ಲಾಳಿಗೆ ಹಾಕುವ ಕಾಂಡಿಗಳಿಗೆ ನೂಲು ಹಚ್ಚಿ, ಎಲ್ಲ ಸರಿಯಾಗಿ ಸುತ್ತತೊಡಗಿದ ಮೇಲೆ ಮುಖ ಎತ್ತಿದಳು. ಆಮೇಲೆ ತುಟಿ ಅಲ್ಲಾಡಿಸಿದಳು. ದನಿ ಹೊರಡಿಸಲಿಲ್ಲ. ಹೊರಡಿಸಿ ಪ್ರಯೋಜನವೂ ಇರಲಿಲ್ಲ. ಕಬನೂರಿನ ಆ ಶೆಡ್ಡಿನಲ್ಲಿ ಇಪ್ಪತ್ನಾಲ್ಕು ಮಗ್ಗ ಹಗಲು ರಾತ್ರಿ ಬಡಿಯುತ್ತಿದ್ದವು. ಅವಕ್ಕೂ ಕಾಂಡಿ ಸುತ್ತುವ ಹೆಂಗಸರಿಗೂ ನಡುವೆ ಎದೆಯೆತ್ತರದ ಅರ್ಧ ಗೋಡೆ. ಅಲ್ಲಿ ಮಾತೆಂದರೆ ತುಟಿ ಮತ್ತು ಬೆರಳು. ಚಿವುಟಿ ಹಿಡಿದ ಬೆರಳು ಬಿಚ್ಚಿದರೆ ಎಳೆ ಹರಿದುಹೋಯಿತು ಎಂದರ್ಥ. ಹೆಬ್ಬೆರಳನ್ನು ಒಳಗೆ ಮಡಚಿ ಅಂಗೈಯನ್ನು ಗಾಳಿಯಲ್ಲಿ ಮುಂದಕ್ಕೆ ಸರಿಸಿದರೆ ಎಳೆ ಚಂದ ನಡೆದಿದೆ, ಚಿಂತೆಯಿಲ್ಲ. ಈ ಎರಡು ಸನ್ನೆಗಳಿಂದಲೇ ಆ ಶೆಡ್ಡಿನಲ್ಲಿ ಮದುವೆಗಳು ಗೊತ್ತಾಗಿದ್ದವು, ಜಗಳಗಳೂ ಆಗಿದ್ದವು.

ಹೌಸಾಬಾಯಿ ಹೇಳುತ್ತಿದ್ದುದು ನಂದಿತಾಳ ಕಥೆ. ಅದು ಎಂಬತ್ತಾರನೆಯ ಇಸವಿ. ಪ್ರತಿ ರವಿವಾರ ಮುಂಜಾನೆ ಹತ್ತಕ್ಕೆ ಟೀವಿಯಲ್ಲಿ ಹಿಂದಿ ಧಾರಾವಾಹಿಯೊಂದು ಬರುತ್ತಿತ್ತು. ರವಿವಾರ ಮಗ್ಗಗಳಿಗೆ ರಜೆಯಿಲ್ಲ, ಕಾಂಡಿಯವರಿಗೆ ಉಂಟು. ಉಳಿದ ಹೆಂಗಸರು ಅರಿವೆಯ ಗಂಟು ಹೊತ್ತು ಒಗೆಯಲು ಹೋದರೆ, ಹೌಸಾಬಾಯಿ ಬಾಳಾಸಾಹೇಬರ ಮನೆಗೆ ಹೋಗುತ್ತಿದ್ದಳು. ಬಾಳಾಸಾಹೇಬರ ತಾಯಿ ಗಂಗುಬಾಯಿಗೆ ತಲೆಗೆ ಎಣ್ಣೆ ತಟ್ಟಲು ಅವಳ ಕೈಯೇ ಆಗಬೇಕು. ಮುದುಕಿಯ ಹಿಂದೆ ಕೂತು ಎಣ್ಣೆ ತಟ್ಟುತ್ತ ಅವಳು ಟೀವಿ ನೋಡುತ್ತಿದ್ದಳು. ಕಪ್ಪು ಬಿಳುಪು ಟೀವಿ; ಕಣ್ಣಿಗೆ ತಂಪೆಂದು ಅದರ ಮುಂದೆ ನೀಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ್ದರು.

ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಅದೊಂದು ಅಡ್ಡಿಯೆಂದು ಅವಳಿಗೆ ಅನ್ನಿಸಿರಲೂ ಇಲ್ಲ. ಬನಹಟ್ಟಿಯಿಂದ ಬಂದು ಹದಿನಾರು ವರ್ಷ ಮಗ್ಗದ ಗದ್ದಲದಲ್ಲಿ ಮುಖ ನೋಡಿ ಮಾತು ಹಿಡಿದವಳಿಗೆ ನಂದಿತಾಳ ಮುಖ ಸಾಕಿತ್ತು.

ಧಾರಾವಾಹಿ ಮಾಡಿದವರ ಪ್ರಕಾರ ಎರಡು ವಿಶ್ವಗಳಿದ್ದವು. ಎರಡರಲ್ಲೂ ಒಬ್ಬೊಬ್ಬ ನಂದಿತಾ, ಎರಡರಲ್ಲೂ ಅದೇ ಮುಖದ ಒಬ್ಬೊಬ್ಬ ಗಂಡ. ಇಬ್ಬರು ನಂದಿತೆಯರೂ ಒಂದೇ ಗಳಿಗೆಗೆ ಕನ್ನಡಿ ಮುಟ್ಟಿದರೆ ಒಂದು ವಿಚಿತ್ರ ಕೂಗು ಕೇಳಿ, ಇವಳ ದೇಹಕ್ಕೆ ಅವಳು, ಅವಳ ದೇಹಕ್ಕೆ ಇವಳು. ಒಂದು ವಿಶ್ವದ ಗಂಡ ಹೆಂಡತಿಯ ಕಡೆ ಕಣ್ಣೆತ್ತಿಯೂ ನೋಡನು. ಇನ್ನೊಂದರವನು ನಗುತ್ತಾನೆ, ಕೈ ಹಿಡಿಯುತ್ತಾನೆ, ಹಾಡೂ ಹೇಳುತ್ತಾನೆ. ಎರಡನೆಯ ವಿಶ್ವವನ್ನು ಬೇರೆಯೆಂದು ತೋರಿಸಲು ಅದನ್ನು ನೀಲಿ ಬಣ್ಣದಲ್ಲಿ ತೆಗೆದಿದ್ದರು. ಬಾಳಾಸಾಹೇಬರ ಟೀವಿಯಲ್ಲಿ ಎಲ್ಲವೂ ನೀಲಿಯೇ ಆದ್ದರಿಂದ ಅದು ಬರೀ ಮಬ್ಬಾಗಿ ಕಂಡಿತು.

ಹೌಸಾಬಾಯಿಗೆ ಮೊದಲ ವಾರವೇ ಎಲ್ಲ ತಿಳಿದುಹೋಯಿತು. ಬೆಳಕಿದ್ದದ್ದು ಹಗಲು ಪಾಳಿ. ಮಬ್ಬಿದ್ದದ್ದು ರಾತ್ರಿ ಪಾಳಿ. ನಡುವಿನ ಕೂಗು ಬೋಂಗಾ. ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಗಲಿನ ನಂದಿತಾಳಿಗೆ ಸಿಗುವುದು ನಿದ್ದೆಗಣ್ಣಿನ ಗಂಡ. ಎಚ್ಚರವಿರುವ ಗಂಡ ಬೇಕೆಂದರೆ ರಾತ್ರಿಯವಳ ಮೈಯನ್ನು ಕಡ ತೆಗೆದುಕೊಂಡು ಹೋಗಬೇಕು. ಇಷ್ಟೇ ಕಥೆ. ಕಬನೂರಿನ ಕಾಂಡಿ ಹೆಂಗಸರಲ್ಲಿ ಒಬ್ಬಳೂ ಹನ್ನೆರಡು ವಾರ ಇದರ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಅವರ ಪೈಕಿ ಏಳು ಮಂದಿಯ ಗಂಡಂದಿರು ರಾತ್ರಿ ಪಾಳಿಯಲ್ಲಿದ್ದರು.

ಹೌಸಾಬಾಯಿಯ ಗಂಡ ಯಮನಪ್ಪನೂ ಅಲ್ಲೇ ಇದ್ದ. ಮಗಳು ಶಾಲನಳನ್ನು ಬಿದ್ರಿಗೆ ಮದುವೆ ಮಾಡಿ ಕೊಟ್ಟ ಮೇಲೆ ಒಂದು ಖೋಲಿಯಲ್ಲಿ ಇಬ್ಬರೇ. ಆದರೆ ಇಬ್ಬರೂ ಒಟ್ಟಿಗೆ ಇದ್ದದ್ದು ಕಡಿಮೆ. ಮುಂಜಾನೆ ಏಳಕ್ಕೆ ಶೆಡ್ಡಿನ ಬಾಗಿಲಲ್ಲಿ ಅವಳು ಅವನ ಕೈಗೆ ಕೀಲಿ ಕೊಡುತ್ತಿದ್ದಳು. ಸಂಜೆ ಏಳಕ್ಕೆ ಅದೇ ಬಾಗಿಲಲ್ಲಿ ಅವನು ಅವಳ ಕೈಗೆ. ರವಿವಾರ ಅವಳು ಮನೆಯಲ್ಲಿದ್ದರೆ ಅವನು ಮಲಗಿರುತ್ತಿದ್ದ. ನಂದಿತಾಳ ಕಥೆಯನ್ನು ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಕೀಲಿ ಕೊಡುವಷ್ಟು ಹೊತ್ತಿನಲ್ಲಿ ಯಾವ ಕಥೆ ಹೇಳಲಾದೀತು? ಅವನು ಅದನ್ನು ಕೇಳಿದ್ದು ಮಗ್ಗದ ಗೆಳೆಯರಿಂದ, ಅವರು ಅವರವರ ಹೆಂಡಂದಿರಿಂದ. ಚಹಾದಂಗಡಿಯಲ್ಲಿ ಈಗ ಅವನನ್ನು ‘ನಂದಿತಾನ ಮಾಲಕ’, ಅಂದರೆ ಗಂಡ, ಎನ್ನುತ್ತಿದ್ದರು. ಮೊದಲ ಕಪ್ಪು ಅವನಿಗೇ ಬರುತ್ತಿತ್ತು.

ಆ ಸೋಮವಾರ, ಕಥೆಯ ಹನ್ನೆರಡನೆಯ ಕಂತು ಅರ್ಧಕ್ಕೆ ಬಂದಾಗ, ಕಾಂಡಿ ಯಂತ್ರಗಳು ಒಮ್ಮೆಲೇ ನಿಂತವು. ಹಿಂದೆಯೇ ಮಗ್ಗಗಳೂ ನಿಂತವು. ಹೆಂಗಸರು ಬೆಚ್ಚಿ ತಿರುಗಿದರು. ಗೋಡೆಯ ಮೇಲೆ ಇಡೀ ಶೆಡ್ಡಿನ ಕರೆಂಟಿಗಿದ್ದ ದೊಡ್ಡ ಖಟಕಿಯ ಮೇಲೆ ಕೈಯಿಟ್ಟುಕೊಂಡು ಬಾಳಾಸಾಹೇಬರ ಸೊಸೆ ಅಲಕಾ ನಿಂತಿದ್ದಳು. ಎರಡು ಸಲ ಕೂಗಿದ್ದಳಂತೆ, ಯಾರಿಗೂ ಕೇಳಿರಲಿಲ್ಲ. ಆದ್ದರಿಂದ ಶೆಡ್ಡನ್ನೇ ನಿಲ್ಲಿಸಿದ್ದಳು.

ಅಲಕಾ ಮದುವೆಯಾಗಿ ಬಂದು ಒಂದು ತಿಂಗಳಾಗಿತ್ತು. ಕೊಲ್ಹಾಪುರದವಳು, ಬಿಎಸ್ಸಿ. ತಾಯಿಯ ತವರು ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಹಳ್ಳಿಯಾದ್ದರಿಂದ ಕನ್ನಡ ಬರುತ್ತಿತ್ತು. ಹೊಸ ಚಪ್ಪಲಿ ಹಾಕಿಕೊಂಡವರು ನಡೆಯುವ ಹಾಗೆ ಮಾತಾಡುತ್ತಿದ್ದಳು. ಧಾರಾವಾಹಿಯ ಮೊದಲ ಎಂಟು ಕಂತುಗಳನ್ನು ತವರಿನ ಬಣ್ಣದ ಟೀವಿಯಲ್ಲಿ ನೋಡಿದ್ದಳು, ಉಳಿದವನ್ನು ಅತ್ತೆಮನೆಯ ನೀಲಿ ಟೀವಿಯಲ್ಲಿ. ಶೆಡ್ಡಿನಲ್ಲಿ ಹೌಸಾಬಾಯಿ ಅದನ್ನು ಹೇಳುತ್ತಾಳೆಂದು ಕೇಳಿ ಖುಷಿಯಿಂದ ಬಂದವಳು, ಬಾಗಿಲ ಬಳಿ ಕೂತ ಪಾರುಬಾಯಿಯ ಕಿವಿಗೆ ಬಾಯಿಟ್ಟು ಏನು ನಡೆದಿದೆಯೆಂದು ಕೇಳಿದ್ದಳು. ಪಾರುಬಾಯಿ ಪಾಳಿಯ ಕಥೆಯನ್ನೆಲ್ಲ ಹೇಳಿದ್ದಳು.

"ತಪ್ಪು ತಿಳ್ಕೋಬ್ಯಾಡ್ರಿ ಹೌಸಾಬಾಯಿ," ಅಂದಳು ಅಲಕಾ. ನಿಜಕ್ಕೂ ಅವಳ ದನಿಯಲ್ಲಿ ಕೊಂಕಿರಲಿಲ್ಲ. "ಅದು ರಾತ್ರಿ ಪಾಳಿ ಅಲ್ಲರಿ. ಅದು ಬ್ಯಾರೆ ವಿಶ್ವ. ಸಮಾಂತರ ವಿಶ್ವ ಅಂತಾರ. ರೈಲಿನ ಹಳಿ ಇರ್ತಾವಲ್ಲ, ಹಂಗ. ಬಾಜೂಕ ಬಾಜೂ ಇರ್ತಾವು, ಎಂದೂ ಕೂಡೂದಿಲ್ಲ."

ಶೆಡ್ಡಿನಲ್ಲಿ ಅಂಥ ಮೌನ ಯಾರಿಗೂ ರೂಢಿಯಿರಲಿಲ್ಲ. ಅರ್ಧ ಗೋಡೆಯ ಮೇಲೆ ಹಗಲು ಪಾಳಿಯ ಗಂಡಸರ ತಲೆಗಳು ಒಂದೊಂದಾಗಿ ಮೂಡಿದವು. ರಂಗುಬಾಯಿ, ಹೌಸಾಬಾಯಿಯ ಪಕ್ಕದ ಮಣೆಯವಳು, ಹನ್ನೆರಡು ವಾರದ ಕಣ್ಣೀರನ್ನು ವಾಪಸು ಕೇಳುವವಳಂತೆ ನೋಡಿದಳು.

"ಅಂದ್ರ ಇಷ್ಟ ದಿನ ನೀ ಹೇಳಿದ್ದು?"

ಹೌಸಾಬಾಯಿ ಉತ್ತರಿಸುವ ಮೊದಲು ಸೊಂಟದ ಸೆರಗು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಒಂದ ಮನಿ. ಒಂದ ಹಾಸಿಗಿ. ಇಬ್ಬರು ಮಂದಿ. ಬಾಜೂಕ ಬಾಜೂ ಇರ್ತಾರ, ಎಂದೂ ಕೂಡೂದಿಲ್ಲ," ಅಂದಳು. "ಅದಕ್ಕ ನಾವು ಪಾಳಿ ಅಂತೇವ್ರಿ ಅಕ್ಕಾರ. ನೀವು ಕಲ್ತವ್ರು, ಏನರೆ ಅನ್ರಿ. ಈಗ ಖಟಕಿ ಹಾಕ್ರಿ, ಎಳಿ ಜೋತು ಬಿದ್ದಾವು."

ಅಲಕಾ ಖಟಕಿ ಹಾಕಿದಳು. ಆದರೆ ಹಾಕುವ ಮೊದಲು ಒಳ್ಳೆಯ ಮನಸ್ಸಿನಿಂದ ಒಂದು ಮಾತು ಸೇರಿಸಿದಳು. ಒಳ್ಳೆಯ ಮನಸ್ಸಿನವರು ಸುಮ್ಮನಿರುವುದು ಅಪರೂಪ. ಬರುವ ರವಿವಾರ ಕೊನೆಯ ಕಂತು, ಹೌಸಾಬಾಯಿ ತನ್ನ ಪಕ್ಕದಲ್ಲೇ ಕೂತುಕೊಳ್ಳಲಿ, ತಾನು ಒಂದೊಂದೇ ಮಾತಿನ ಅರ್ಥ ಹೇಳುತ್ತೇನೆ, ಸೋಮವಾರ ಎಲ್ಲರಿಗೂ ಬರೋಬರಿ, ಇದ್ದದ್ದು ಇದ್ದ ಹಾಗೆ, ಹೇಳಬಹುದು ಅಂದಳು.

ಆ ವಾರವೆಲ್ಲ ಹೌಸಾಬಾಯಿಯ ಕಿವಿಯಲ್ಲಿ ಮಗ್ಗಕ್ಕಿಂತ ಜೋರಾಗಿ ಬಡಿದದ್ದು ಆ ‘ಬರೋಬರಿ’. ನೀರಿನ ನಳದ ಹತ್ತಿರ ಮಾತು ಆಗಲೇ ಎರಡಾಗಿತ್ತು. ಹೌಸಕ್ಕ ಸುಳ್ಳು ಹೇಳಿದಳು ಎಂದು ಕೆಲವರು, ಹೇಳಿದರೆ ಹೇಳಲಿ, ಚಂದಿತ್ತಲ್ಲ ಎಂದು ಕೆಲವರು. ಎರಡನೆಯ ಮಾತೇ ಅವಳಿಗೆ ಹೆಚ್ಚು ಚುಚ್ಚಿತು. ಸೋಮವಾರ ಹೌಸಕ್ಕ ಹೇಳದಿದ್ದರೆ ಅಲಕಕ್ಕನನ್ನೇ ಕರೆದು ಕೂಡಿಸೋಣ ಎಂದು ರಂಗುಬಾಯಿ ಅಂದದ್ದೂ ಅವಳಿಗೆ ಮುಟ್ಟಿತು. ಅಂದವಳು ದನಿ ತಗ್ಗಿಸಿದ್ದಳು, ತುಟಿ ಮುಚ್ಚಿಕೊಂಡಿರಲಿಲ್ಲ.

ರವಿವಾರ ಮುಂಜಾನೆ ಯಮನಪ್ಪ ಮನೆಗೆ ಬಂದಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಮುಖ ತೊಳೆದು, ಹಾಸಿಗೆ ಬಿಚ್ಚಿ, ಮಲಗದೆ ಕೂತ. ಒಂಬತ್ತೂವರೆಯಾಯಿತು. ಅವಳು ಏಳಲಿಲ್ಲ.

"ಇವತ್ತ ಆಖ್ರಿ ಐತಂತಲ್ಲ," ಅಂದ. ಮಗ್ಗದವರಂತೆ ಅವನೂ ಮನೆಯಲ್ಲಿ ಒಂದೋ ಕೂಗುತ್ತಿದ್ದ, ಇಲ್ಲವೇ ಬರೀ ತುಟಿ ಆಡಿಸುತ್ತಿದ್ದ. ಇದು ತುಟಿ.

"ಇರಲಿ. ಎಣ್ಣಿ ಹಚ್ಚಾಕ ಹೊಕ್ಕಿದ್ದೆ, ಪಾಠ ಕಲಿಯಾಕಲ್ಲ. ಆ ನೆಲದ ಮ್ಯಾಲೆ ಇನ್ನ ಕೂಡೂದಿಲ್ಲ."

"ಮತ್ತ ನಾಳೆ ಏನ ಹೇಳ್ತಿ?"

ಅವಳು ರೊಟ್ಟಿ ತಿರುವಿ ಹಾಕಿದಳು.

"ನಾಳೆ ರಾತ್ರಿ ಹನ್ನೆರಡು ಮಂದಿ ನನ್ನ ಕೇಳ್ತಾರ," ಅಂದ ಯಮನಪ್ಪ. "ನಂದೂ ಮಾನ ಐತಿ ಇದರಾಗ. ಚಹಾ ನಿಂತ ಹೊಕ್ಕೈತಿ."

ಅವಳಿಗೆ ನಗು ಬಂತು, ತೋರಿಸಲಿಲ್ಲ. ಎರಡು ತಾಟು ಇಟ್ಟಳು. ಅವರು ಒಟ್ಟಿಗೆ ಉಣ್ಣಲು ಕೂತು ಎಷ್ಟು ದಿನವಾಗಿತ್ತೆಂದರೆ ಯಾರು ಯಾವ ಕಡೆ ಕೂಡಬೇಕೆಂದು ಗೊಂದಲವಾಗಿ, ಇಬ್ಬರೂ ಒಂದೇ ಕಡೆ ಕೂತು, ಮತ್ತೆ ಸರಿದರು. ಬಾಗಿಲಿನಿಂದ ಬಂದ ಬಿಸಿಲು ಅವನ ತಾಟಿನ ಮೇಲೆ ಬಿದ್ದಿತ್ತು. ಮೊದಲಿನಿಂದ ಹೇಳು, ಅಂದ. ಅವಳು ಮೊದಲಿನಿಂದ ಸುರು ಮಾಡಿದಳು. ಎರಡನೆಯ ಕಂತು ಮುಗಿಯುವುದರೊಳಗೆ, ಬೆರಳಲ್ಲಿ ತುತ್ತು ಹಿಡಿದುಕೊಂಡೇ ಅವನು ನಿದ್ದೆಹೋದ. ಅಷ್ಟರಲ್ಲಿ ಬಾಳಾಸಾಹೇಬರ ಮಾಳಿಗೆಯ ಕಿಟಕಿಯಿಂದ ಓಣಿಯ ಮೇಲೆ ಹಾದು ಧಾರಾವಾಹಿಯ ಆ ವಿಚಿತ್ರ ಕೂಗು ಕೇಳಿತು. ಹೌಸಾಬಾಯಿ ಮೇಲೇಳಲಿಲ್ಲ. ಅವನ ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಚಾಚಿ ನೋಡಿದರೆ ಎಳೆಯಲ್ಲ, ನರೆ. ಅದು ಯಾವಾಗ ಬಂತೆಂದು ಅವಳಿಗೆ ಗೊತ್ತಿರಲಿಲ್ಲ. ಹಗಲಿನ ಬೆಳಕಿನಲ್ಲಿ ಆ ಮುಖವನ್ನು ಅವಳು ಪೂರ್ತಿ ಓದಿದಳು, ಟೀವಿ ನೋಡಿದಷ್ಟೇ ಶ್ರದ್ಧೆಯಿಂದ. ಆಮೇಲೆ ತುತ್ತನ್ನು ಅವನ ಬೆರಳಿನಿಂದ ಬಿಡಿಸಿ ತಾಟಿನಲ್ಲಿಟ್ಟಳು.

ಸೋಮವಾರ ಅವಳು ಐದು ನಿಮಿಷ ತಡವಾಗಿಯೇ ಬಂದಳು.

ಅಲಕಾ ಆಗಲೇ ಬಂದು ಖಟಕಿಯ ಪಕ್ಕದಲ್ಲಿ ನಿಂತಿದ್ದಳು. ನಿನ್ನೆ ಯಾಕೆ ಬರಲಿಲ್ಲವೆಂದು ಕೇಳಲು ಬಂದವಳು. ಅವಳು ಕೇಳುವುದರೊಳಗೆ ಹೌಸಾಬಾಯಿ ಕೂತು, ನೂಲು ಹಚ್ಚಿ, ಮುಖ ಎತ್ತಿದ್ದಳು. ಹನ್ನೊಂದು ಮುಖಗಳು ಅವಳನ್ನೊಮ್ಮೆ, ಅಲಕಾಳನ್ನೊಮ್ಮೆ ನೋಡಿದವು. ಕೊನೆಯ ಕಂತನ್ನು ನೋಡಿದವಳು ಅಲ್ಲಿ ಅಲಕಾ ಒಬ್ಬಳೇ, ಮತ್ತು ಅವಳ ಕೈ ಖಟಕಿಗೆ ಒಂದು ಗೇಣು ದೂರದಲ್ಲಿತ್ತು.

ಹೌಸಾಬಾಯಿ ಸಾವಕಾಶವಾಗಿ ಹೇಳಿದಳು, ಒಂದೊಂದು ಮಾತನ್ನೂ ತುಟಿಯ ಮೇಲೆ ಇಟ್ಟು. ಬೋಂಗಾ ಆಯಿತು. ರಾತ್ರಿ ನಂದಿತಾ ಕನ್ನಡಿಯ ಆಚೆ ಬಂದು ನಿಂತು ಕೈ ಚಾಚಿದಳು. ಹಗಲು ನಂದಿತಾ ಕನ್ನಡಿ ಮುಟ್ಟಲಿಲ್ಲ. ನನ್ನ ಮೈ ನನಗಿರಲಿ, ಅಂದಳು. ಗಂಡ ಮಲಗಿದ್ದ, ತುತ್ತು ಕೈಯಲ್ಲೇ ಇತ್ತು. ಎಚ್ಚರವಿರುವ ಗಂಡನನ್ನು ಹುಡುಕಿಕೊಂಡು ಅವಳು ಹನ್ನೆರಡು ಸಲ ಮೈ ಬದಲಿಸಿದ್ದಳು. ಮಲಗಿದವನ ಮುಖವನ್ನು ಒಮ್ಮೆಯೂ ಕೂತು ನೋಡಿರಲಿಲ್ಲ. ನೋಡಿದಳು. ಹುಬ್ಬಿನಲ್ಲಿ ಒಂದು ಬಿಳಿ ಎಳೆ ಇತ್ತು. ಮುಗಿಯಿತು.

ಎರಡು ಕಾಂಡಿ ತುಂಬಿ ಉಕ್ಕಿದವು, ಯಾರೂ ನೋಡಲಿಲ್ಲ. ಆಮೇಲೆ ರಂಗುಬಾಯಿ ಅಲಕಾಳ ಕಡೆ ತಿರುಗಿ ಹುಬ್ಬು ಹಾರಿಸಿದಳು. ಹೌದೇನು?

ಅಲಕಾ ನೋಡಿದ ಕೊನೆಯಲ್ಲಿ ಕನ್ನಡಿ ಒಡೆದಿತ್ತು, ಎರಡೂ ವಿಶ್ವಗಳು ಬೇರೆಯಾಗಿದ್ದವು, ಹಾಡು ಬಂದು ಹೆಸರುಗಳು ಮೇಲೇರಿದ್ದವು. ಅವಳು ಖಟಕಿಯ ಕಡೆ ನೋಡಿದಳು. ಹೌಸಾಬಾಯಿಯ ಕಡೆ ನೋಡಿದಳು. ಒಂದು ತಿಂಗಳಲ್ಲಿ ಶೆಡ್ಡಿನ ಮಾತು ಅವಳಿಗೆ ಎಷ್ಟು ತಿಳಿದಿತ್ತೋ, ಹೇಳಲಾಗದು. ಕಣ್ಣು ಮಾತ್ರ ಒದ್ದೆಯಾಗಿತ್ತು, ಹತ್ತಿಯ ಧೂಳು ಹೊಸಬರಿಗೆ ಹಾಗೆ ಮಾಡುತ್ತದೆ. ಅವಳು ಖಟಕಿಯ ಬಳಿಯಿದ್ದ ಕೈಯನ್ನು ಎತ್ತಿ, ಅಂಗೈಯನ್ನು ಗಾಳಿಯಲ್ಲಿ ಮುಂದಕ್ಕೆ ಸರಿಸಿದಳು. ಹೆಬ್ಬೆರಳು ಹೊರಗೇ ಉಳಿದಿದ್ದರಿಂದ ಬಸ್ಸಿಗೆ ಕೈ ಮಾಡಿದ ಹಾಗೆ ಕಂಡಿತು.

ಹೌಸಾಬಾಯಿ ಕೆಲಸ ಬಿಡದೆ, ಒಂದು ಕೈಯನ್ನಷ್ಟೇ ಎತ್ತಿ ತೋರಿಸಿದಳು: ಹೆಬ್ಬೆರಳು ಒಳಗೆ. ಅಲಕಾ ಮಡಚಿದಳು. ಇನ್ನಷ್ಟು ಒಳಗೆ. ಮಡಚಿದಳು. ಹೌಸಾಬಾಯಿ ತಲೆಯಾಡಿಸಿ, ಉಕ್ಕಿದ ಕಾಂಡಿಗಳ ಕಡೆ ರಂಗುಬಾಯಿಗೆ ಕಣ್ಣು ತೋರಿಸಿದಳು.

ಸಂಜೆ ಏಳಕ್ಕೆ ಬೋಂಗಾ ಕೂಗಿತು. ಬಾಗಿಲಲ್ಲಿ ಯಮನಪ್ಪ ಅವಳ ಕೈಗೆ ಕೀಲಿಯಿಟ್ಟು, ಹಿಂದಿನವರು ನೂಕುತ್ತಿದ್ದುದರಿಂದ ನಿಲ್ಲಲಾರದೆ ಒಳಗೆ ಹೋದ. ತನ್ನ ಮಗ್ಗದ ಹತ್ತಿರ ನಿಂತು, ಸುತ್ತಲೂ ರಾತ್ರಿ ಪಾಳಿಯ ಗಂಡಸರು ನೋಡುತ್ತಿರುವಂತೆಯೇ, ಬಾಗಿಲ ಕಡೆ ತಿರುಗಿ ಹುಬ್ಬು ಎತ್ತಿದ. ಹೌಸಾಬಾಯಿ ಇನ್ನೂ ಅಲ್ಲೇ ಇದ್ದಳು. ಕೀಲಿ ಹಿಡಿದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ಹೆಬ್ಬೆರಳು ಮಡಚಿ, ಇಪ್ಪತ್ನಾಲ್ಕು ಮಗ್ಗಗಳ ಉದ್ದಕ್ಕೂ ಅಂಗೈಯನ್ನು ಮುಂದಕ್ಕೆ ಸರಿಸಿದಳು. ಅವಳ ಕಣ್ಣು ತನ್ನ ಹುಬ್ಬಿನ ಮೇಲೇ ಇರುವುದನ್ನು ಕಂಡ ಯಮನಪ್ಪ ಅದರ ಮೇಲೆ ಬೆರಳಾಡಿಸಿಕೊಂಡು ಮಗ್ಗ ಸುರು ಮಾಡಿದ.