ಕೂರಬಾರದವನ ಕುರ್ಚಿ

"ಏಳ್ರಿ ಭಾವಾರ, ಮ್ಯಾಲೇಳ್ರಿ! ಕಾಗದದಾಗ ಆ ಕುರ್ಚಿ ನಂದೈತಿ!"

"ಕಾಗದದಾಗ ಐತಲ್ಲ? ಅಲ್ಲೇ ಕುಂದ್ರು ಹೋಗು."

ಹೀಗೆಂದು ನಕ್ಕವನು ಚೆನ್ನವೀರಪ್ಪ. ಎದುರು ನಿಂತು ಕೂಗಿದವಳು ಅವನ ತೀರಿಹೋದ ತಮ್ಮನ ಹೆಂಡತಿ ದಾಕ್ಷಾಯಿಣಿ. ಆ ಕುರ್ಚಿ ನಾನು.

ನಾನು ಹುಟ್ಟಿದ್ದು ಹಾವೇರಿಯ ಬಡಿಗನೊಬ್ಬನ ಕೈಯಲ್ಲಿ. ಅಪ್ಪಟ ಸಾಗವಾನಿ. ಗಿಡ್ಡ ಚೆನ್ನವೀರಪ್ಪನ ಪಾದ ನೆಲ ಮುಟ್ಟಲೆಂದು ನನ್ನ ನಾಲ್ಕೂ ಕಾಲುಗಳನ್ನು ನಾಲ್ಕು ಬೆರಳು ಕೊಯ್ದರು. ಆ ಸಿಟ್ಟು ಇನ್ನೂ ಆರಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೆಡದಂತೆ ತಣ್ಣಗಿಡುವ ಅವನ ಕಂಪನಿಗೆ ಬಂದೆ.

ಅವನ ಇನ್ನೊಂದು ಕಂಪನಿಯ ಮೋಸ ಬಯಲಾಗಿ, ಐದು ವರ್ಷ ಯಾವ ಕಂಪನಿಯನ್ನೂ ನಡೆಸಕೂಡದೆಂದು ಆದೇಶವಾಯಿತು. ಮಾನವಿದ್ದವನು ಎದ್ದು ಹೋಗುತ್ತಿದ್ದ. ಇವನು ಬಾಗಿಲ ಫಲಕಕ್ಕೆ ದಾಕ್ಷಾಯಿಣಿಯ ಹೆಸರು ಬರೆಸಿ ನನ್ನ ಮೇಲೆಯೇ ಕೂತ. ಆಳು ಇಡುವವನು ಅವನು, ಬಿಡಿಸುವವನು ಅವನು. ಅವಳದು ಬರೀ ಸಹಿ.

ಒಂದು ದಿನ ತಪಾಸಣೆಯ ಅಧಿಕಾರಿ ಬಂದರು. ಇವನು ದಡಬಡಿಸಿ ಎದ್ದು ಕಿಟಕಿಗೆ ಒರಗಿದ. "ಮನಿ ಹಿರ್ಯಾ ಅಂತ ಸುಮ್ನ ಬಂದೀನ್ರಿ ಮೇಡಮ್ಮರ," ಎಂದ ಅಧಿಕಾರಿಗೆ. ಎತ್ತರದ ದಾಕ್ಷಾಯಿಣಿ ಮೊಣಕಾಲು ಮಡಚಿಕೊಂಡು ನನ್ನ ಮೇಲೆ ಮುದುಡಿದಳು.

ಅಧಿಕಾರಿ ಸಭೆಗಳ ನಡಾವಳಿ ಪುಸ್ತಕ ಕೇಳಿದರು. ಅದಿದ್ದ ಮೇಜಿನ ಖಾನೆಯ ಕೀಲಿಕೈ ಭಾವನ ಉಡಿದಾರದಲ್ಲಿ! ಅವನು ಅಂಗಿ ಎತ್ತಿ, ಹೊಟ್ಟೆಯನ್ನು ಮೇಜಿಗೆ ಒತ್ತಿ ತೆರೆಯಬೇಕಾಯಿತು.

"ಕಂಪನಿ ಪೂರಾ ನಿಮ್ಮ ನಡದಾಗ ಐತಲ್ರಿ, ಹಿರ್ಯಾರ?" ಎಂದರು ಅಧಿಕಾರಿ.

ನಿಷೇಧವಿದ್ದವನು ಕಂಪನಿ ನಡೆಸಿದ್ದೇಕೆಂದು ಇಬ್ಬರ ಹೆಸರಿಗೂ ನೋಟಿಸು ಬಂತು. ಅಂದೇ ನಾನು ಮೊದಲು ಹೇಳಿದ ಆ ಜಗಳ.

ಈಗ ನಾನು ಗೋದಾಮಿನ ಮೂಲೆಯಲ್ಲಿ ಮೆಣಸಿನಕಾಯಿ ಘಾಟು ಕುಡಿಯುತ್ತ ಬಿದ್ದಿದ್ದೇನೆ. ಯಾರೂ ಕೂರುವುದಿಲ್ಲ. ಒಳ್ಳೆಯದೇ ಆಯಿತು. ಅಂಥವನನ್ನು ಹೊತ್ತ ಮೈಗೆ ಈ ಮೂಲೆಯೇ ಸಾಕು. ಆದರೆ ಆ ದಿನ ಮರೆತಿಲ್ಲ.

ಜಗಳದ ಕೊನೆಗೆ ಅವನು ಎದ್ದ. ಕೀಲಿಕೈ ಬಿಚ್ಚಿ ಮೇಜಿನ ಮೇಲೆ ಎಸೆದ. ಪಕ್ಕದಲ್ಲಿ ಒಂದು ಹಾಳೆ ಇಟ್ಟ. 'ಕಂಪನಿ ನಡೆಸಿದವಳು ನಾನೇ, ಭಾವನ ಕೈ ಇದರಲ್ಲಿಲ್ಲ' ಎಂದು ಅದರಲ್ಲಿ ಬರೆದಿತ್ತು.

"ಕುಂದ್ರು. ಸಹಿ ಮಾಡು."

ಸಹಿ ಹಾಕಿದರೆ ಸುಳ್ಳು ಹೇಳಿಕೆಗೆ ಜೈಲು ಅವಳ ಪಾಲು. ಅವಳು ಕೂತಳು. ಹಾಳೆಯನ್ನು ಕೊನೆಯವರೆಗೆ ಓದಿ, ಸಹಿ ಹಾಕದೆ ಪಕ್ಕಕ್ಕೆ ಸರಿಸಿದಳು. ಖಾನೆ ತೆರೆದು, ತನ್ನ ಸಹಿಯೊಂದನ್ನು ಬಿಟ್ಟು ಉಳಿದೆಲ್ಲ ಅವನ ಕೈಬರಹವೇ ಇದ್ದ ನಡಾವಳಿ ಪುಸ್ತಕವನ್ನು ಕಂಕುಳಿಗೆ ಸೇರಿಸಿದಳು.

"ಎಲ್ಲಿಗೆ ಒಯ್ತಿ ಅದನ್ನ?"

"ಅಧಿಕಾರಿ ಕಡೆ. ಅಕ್ಷರ ಯಾರದು ಅಂತ ಅವರೇ ನೋಡ್ಲಿ."

"ಹೊರಗ ಹೋದ್ರ ಮತ್ತ ಒಳಗ ಬರಂಗಿಲ್ಲ ನೋಡು!"

"ನಾ ಯಾವಾಗ ಒಳಗಿದ್ದೆ ರೀ?"

ಅವಳು ಹೋದಳು. ಮತ್ತೆ ಬರಲಿಲ್ಲ.