ಅವಳು ಯಾರ ಶಿಲುಬೆಯೂ ಅಲ್ಲ

ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಾಗ ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ. ಕಂಡಕ್ಟರ್ ಆಗಿದ್ದವಳು, ಹಿಂದಿನ ಸೀಟಿನವರೆಗೂ ಕೇಳುವ ಗಂಟಲು. ಗಂಡ ಹಳೇ ಸೋಫಾಗಳಿಗೆ ಹೊಸ ಹೊದಿಕೆ ಹೊಲಿಯುವವನು. ಅಂಗಡಿಯನ್ನು ಮನೆಯ ಮುಂದಿನ ಕೋಣೆಗೇ ತಂದುಕೊಂಡ. ಬೆನ್ನಿಗೆ ಹುಣ್ಣಾಗದಂತೆ ಅವಳನ್ನು ಹೊರಳಿಸುವುದು, ಮೈ ಒರೆಸುವುದು, ತಲೆ ಬಾಚುವುದು, ಎಲ್ಲವನ್ನೂ ತಾನೇ ಮಾಡಿದ. ಒಂದು ದಿನವೂ ಗೊಣಗಲಿಲ್ಲ.

ಚರ್ಚಿನಲ್ಲಿ ಅವನ ಸೇವೆಯ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಮದುವೆಯಾಗಲಿರುವ ಜೋಡಿಗಳಿಗೆ ಅಲ್ಲಿ ಪಾದ್ರಿಗಳು ಪಾಠ ಮಾಡುತ್ತಿದ್ದರು. "ಗಂಡ ಹೆಂಡತಿ ಪ್ರೀತಿ ಅವರಿಬ್ಬರಿಗೆ ಮಾತ್ರ ಅಲ್ಲ. ಕ್ರಿಸ್ತ ತನ್ನ ಸಭೆಯನ್ನ, ಅಂದ್ರೆ ತನ್ನನ್ನ ನಂಬಿದವರನ್ನ, ಹೇಗೆ ಪ್ರೀತಿಸ್ತಾನೆ ಅಂತ ಲೋಕ ಅದರಲ್ಲಿ ನೋಡಬೇಕು," ಎನ್ನುವರು. ಹಾಗೆ ನೋಡುವುದಕ್ಕೆಂದೇ ಇವರಿಬ್ಬರನ್ನೂ ಕರೆಸುವರು.

ಒಂದು ಭಾನುವಾರ ಅವನು ಅವಳ ಗಾಲಿಕುರ್ಚಿಯ ಮೇಲೆ ಕೈಯಿಟ್ಟು, "ಇವಳೇ ನನ್ನ ಶಿಲುಬೆ. ಸಂತೋಷವಾಗಿ ಹೊರ್ತಿದ್ದೀನಿ," ಅಂದ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು.

ಇಬ್ಬರೂ ಮನೆ ಸೇರಿದರು. ಅವನು ಬಿಸಿನೀರು, ಬಟ್ಟೆ ಹಿಡಿದು ಬಂದಾಗ ಅವಳು ಕೈ ಅಡ್ಡ ಹಿಡಿದಳು.

"ಶಿಲುಬೆ ಅಂದ್ರೆ ಏನು? ಎರಡು ಮರದ ತುಂಡು."

"ಒಳ್ಳೇ ಅರ್ಥದಲ್ಲೇ ಅಂದಿದ್ದು ಕಣೇ."

"ಅದೇ ಸಂಕಟ. ನಿನ್ನ ಕ್ರಿಸ್ತಸ್ವಾಮಿ ಪ್ರೀತಿಸಿದ್ದು ಮನುಷ್ಯರನ್ನ, ಶಿಲುಬೇನ ಅಲ್ಲ. ನೀನು ನನ್ನ ಜೊತೆ ಜಗಳ ಆಡಿ ಎಷ್ಟು ಕಾಲ ಆಯ್ತು?"

"ಹಾಸಿಗೆ ಹಿಡಿದವಳ ಜೊತೆ ಯಾರು ಜಗಳ ಆಡ್ತಾರೆ?"

"ಗಂಡ ಆಡ್ತಾನೆ," ಅಂದಳು.

ಆ ವಾರವೇ ತಂಗಿಯನ್ನು ಕರೆಸಿಕೊಂಡು ಅವಳ ಮನೆಗೆ ಹೋಗಿಬಿಟ್ಟಳು. ತಂಗಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ತಲೆ ಬಾಚುವಾಗ ಕೂದಲು ಕೀಳುತ್ತಿದ್ದಳು, "ಸುಮ್ನೆ ಕೂರೇ ಮಾರಾಯ್ತಿ!" ಎಂದು ಗದರುತ್ತಿದ್ದಳು. ಇವಳೂ ಬಿಡದೆ ತಿರುಗಿ ಗದರುತ್ತಿದ್ದಳು.

ಗಂಡ ನೋಡಲು ಬಂದ. ಉಪಚಾರಕ್ಕೆ ಕೈ ಹಾಕಕೂಡದು, ಸುಮ್ಮನೆ ಕೂತು ಮಾತಾಡಬೇಕು ಎಂದು ಅವಳು ಕರಾರು ಹಾಕಿದಳು. ಅವನು ಕುರ್ಚಿಯ ಅಂಚಿನಲ್ಲಿ ಕೂತ. ಅದರ ಹರಿದ ಬಟ್ಟೆಯನ್ನು ಬೆರಳಿನಿಂದ ಒಳಗೆ ತುರುಕಿದ. ನೀರಿನ ಲೋಟವನ್ನು ಹತ್ತಿರ ಸರಿಸಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ. ಅವಳ ಬೆನ್ನಿನ ಪ್ರತಿ ಮಚ್ಚೆಯನ್ನೂ ಬಲ್ಲವನಿಗೆ ಅವಳಿಗೆ ಈಗ ಏನು ಇಷ್ಟ ಎಂಬುದೇ ತಿಳಿದಿರಲಿಲ್ಲ.

ಪಾದ್ರಿಗಳು ಮತ್ತೆ ಕರೆದಾಗ ಅವನು ಒಬ್ಬನೇ ಹೋಗಿ ನಿಂತ.

"ದೇವರು ನನಗೆ ಹೆಂಡತಿ ಕೊಟ್ಟ. ನಾನು ಮೇಲೇರೋಕೆ ಅವಳನ್ನ ಏಣಿ ಮಾಡ್ಕೊಂಡೆ," ಅಂದ. "ಪ್ರೀತಿಸಿದ್ದು ಅವಳನ್ನಲ್ಲ, ನನ್ನ ಒಳ್ಳೇತನಾನ. ಅದರಲ್ಲಿ ನಿಮಗೆ ಕ್ರಿಸ್ತ ಕಂಡಿದ್ರೆ ಅದು ಸುಳ್ಳು."

ಪಾದ್ರಿಗಳು ಗದ್ಗದಿತರಾಗಿ, "ನೋಡಿ, ಎಂಥ ದೀನತೆ!" ಅಂದರು. ಚಪ್ಪಾಳೆ ಹಿಂದಿಗಿಂತ ಜೋರಾಗಿತ್ತು.

ಅವನು ನೆಟ್ಟಗೆ ನಾದಿನಿಯ ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಅವಳು ಅವನ ಮುಖವನ್ನೇ ದಿಟ್ಟಿಸಿದಳು.

"ಚಪ್ಪಾಳೆ ಹೊಡೆದಾಗ ನಿನಗೆ ಹಿತವಾಯ್ತಾ?"

ಇಲ್ಲ ಎನ್ನಲು ಬಾಯಿ ತೆರೆದ. ಸುಳ್ಳು ನಾಲಿಗೆಗೆ ಬರಲಿಲ್ಲ.

"ಸ್ವಲ್ಪ," ಅಂದ.

"ಹಾಗಾದ್ರೆ ನಾನಿನ್ನೂ ಏಣಿನೇ," ಎಂದು ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ತಂಗಿ ಬಂದು ಬಾಗಿಲ ಬಳಿ ನಿಂತಳು. ಅವನು ಎದ್ದು ಹೊರಟ.